ಜಾತಿಯ ಕಾಲಂ ಎದುರು ನಿಂತ ಮೊಮ್ಮಗ



ಕಾಲೇಜುಗಳ ಬಾಗಿಲು ತೆರೆಯುವ ಕಾಲ ಬಂತೆಂದರೆ ಅಜ್ಜೀಪುರದ ಸುತ್ತಿನ ಹಳ್ಳಿಗಳಿಂದ ಮಕ್ಕಳು, ಅವರ ತಂದೆತಾಯಿಗಳು ಕೈಯಲ್ಲೊಂದು ಪ್ಲಾಸ್ಟಿಕ್ ಚೀಲ ಹಿಡಿದು ನಮ್ಮಲ್ಲಿಗೆ ಬರುತ್ತಾರೆ. ಚೀಲದೊಳಗೆ ಅಂಕಪಟ್ಟಿ, ವರ್ಗಾವಣೆ ಪತ್ರ, ಆದಾಯದ ಪತ್ರ, ಜಾತಿಯ ಪತ್ರ. ಹಿಂದೆ ಅಚ್ಚಾದ ಅರ್ಜಿಯನ್ನು ಶಾಯಿಯಲ್ಲಿ ತುಂಬಬೇಕಿತ್ತು. ಈಗ ಹನೂರಿನ ಕಂಪ್ಯೂಟರ್ ಅಂಗಡಿಯಲ್ಲಿ ಕುಳಿತ ಹುಡುಗ ಕೇಳಿದ್ದಕ್ಕೆ ಉತ್ತರ ಹೇಳಿದರೆ ಸಾಕು. ಆದರೆ ಕೇಳುವ ಪ್ರಶ್ನೆ ಬದಲಾಗಿಲ್ಲ. ಹೆಸರು, ತಂದೆಯ ಹೆಸರು, ಹುಟ್ಟಿದ ದಿನ, ಆಮೇಲೆ ಜಾತಿ. ಬಹುಪಾಲು ಮಕ್ಕಳು ಆ ಕಾಲಂ ಅನ್ನು ಉಸಿರು ಬಿಡುವಷ್ಟು ಹೊತ್ತಿನಲ್ಲಿ ದಾಟಿ ಹೋಗುತ್ತಾರೆ. ದಾಟಲಾರದೆ ನಿಲ್ಲುವವರೂ ಇದ್ದಾರೆ. ಅಂಥವನೊಬ್ಬನ ಸಂಗತಿಯನ್ನು ಈ ವಾರ ನಿಮ್ಮ ಮುಂದಿಡಬೇಕೆನಿಸಿದೆ.

ಒಂದು ಸಂಜೆ ಎಪ್ಪತ್ತು ದಾಟಿದ ಹಿರಿಯರೊಬ್ಬರು ಬಂದರು. ನಮ್ಮ ಸಮಾಜದವರೇ, ಕೊರಳಲ್ಲಿ ಲಿಂಗವಿದ್ದವರು, ಎರಡು ಎಕರೆ ಅರಿಶಿನದ ಹೊಲ ಇದ್ದವರು. ಜೊತೆಯಲ್ಲಿ ಪಿಯುಸಿ ಮುಗಿಸಿದ ಹುಡುಗ. ಸ್ವಲ್ಪ ದೂರದಲ್ಲಿ ಕಂಬಕ್ಕೆ ಒರಗಿ ಹುಡುಗನ ತಾಯಿ. ಆಕೆ ಬೆಟ್ಟದ ತಪ್ಪಲಿನ ಪೋಡಿನವಳು, ಸೋಲಿಗರ ಹೆಣ್ಣುಮಗಳು. ಹಿರಿಯರ ಮಗ ಈಕೆಯನ್ನು ರಿಜಿಸ್ಟರ್ ಮದುವೆಯಾಗಿದ್ದ. ಮನೆಯವರು ಸೇರಿಸಲಿಲ್ಲ. ಅವನು ತಿರುಪ್ಪೂರಿಗೆ ಕೂಲಿಗೆ ಹೋದ, ಮಗುವಿಗೆ ಮೂರು ವರ್ಷವಾದಾಗ ತೀರಿಕೊಂಡ. ತಾಯಿ ಮಗುವನ್ನು ಎತ್ತಿಕೊಂಡು ತವರಿನ ಪೋಡಿಗೆ ಬಂದಳು. ಹುಡುಗ ಬೆಳೆದದ್ದು ಅಲ್ಲಿ, ಓದಿದ್ದು ಹಾಸ್ಟೆಲಿನಲ್ಲಿ ಇದ್ದುಕೊಂಡು. ಈಗ ಕೃಷಿ ಪದವಿ ಓದಬೇಕೆಂಬ ಆಸೆ.

"ಬುದ್ದಿ, ನನ್ ಮಗನ ಮಗ ಕಣ್ ಬುದ್ದಿ ಇವ. ನಮ್ ಮನೆ ಮೊಗ. ಲಿಂಗಾಯತ ಅಂತ ಬರೀಬೇಕಲ್ವಾ? ಅದ ಬುಟ್ಟು ಇನ್ನೇನ್ ಬರೆಯಾದು?" ಎಂದರು ಹಿರಿಯರು.

ತಾಯಿ ತಲೆ ಎತ್ತದೆ ಹೇಳಿದಳು: "ನಂಗೇನ್ ಗೊತ್ತಾಯ್ತದೆ ಬುದ್ದಿ. ಇವುನ್ನ ಸಾಕ್ದೋರು ನಮ್ ಪೋಡ್ನೋರು."

ಹುಡುಗನನ್ನು ಕೇಳಿದೆವು. ಅವನು ತುಸು ಹೊತ್ತು ಸುಮ್ಮನಿದ್ದು, "ಎಲ್ಡೂ ಬರೆಯಕ್ಕೆ ಜಾಗ ಇಲ್ವಾ ಬುದ್ದಿ?" ಎಂದ.

ಜಾಗವಿಲ್ಲ. ನಮ್ಮ ರಾಜ್ಯದ ಅರ್ಜಿಯಲ್ಲಿ ಒಬ್ಬನಿಗೆ ಒಂದೇ ಪ್ರವರ್ಗ, ಅದಕ್ಕೆ ತಹಶೀಲ್ದಾರರು ಕೊಟ್ಟ ಒಂದೇ ಪತ್ರದ ಸಂಖ್ಯೆ. ವೀರಶೈವ ಲಿಂಗಾಯತ ಎಂದರೆ 3ಬಿ, ಅದಕ್ಕೆ ಶೇಕಡ 5. ಸೋಲಿಗ ಎಂದರೆ ಪರಿಶಿಷ್ಟ ಪಂಗಡ. ಆ ಪಂಗಡಗಳ ಪಾಲನ್ನು ರಾಜ್ಯ ಸರ್ಕಾರ 2022ರಲ್ಲಿ ಶೇಕಡ 3ರಿಂದ 7ಕ್ಕೆ ಏರಿಸಿತು. ಎರಡು ದಾರಿಗೂ ಅಂತರ ಬಹಳ. ಒಂದರಲ್ಲಿ ಅವನಿಗೆ ಸೀಟು ಸಿಗಬಹುದು, ಇನ್ನೊಂದರಲ್ಲಿ ಸಿಗುವುದು ಕಷ್ಟ. ಹಿರಿಯರಿಗೆ ಈ ಲೆಕ್ಕ ತಿಳಿಯದ್ದೇನಲ್ಲ. ಅವರಿಗೆ ಬೇಕಾದದ್ದು ಸೀಟಲ್ಲ. ಹದಿನೈದು ವರ್ಷ ಹೊಸ್ತಿಲ ಹೊರಗಿಟ್ಟ ಮೊಮ್ಮಗನನ್ನು ಕಾಗದದ ಮೇಲಾದರೂ ಒಳಗೆ ಕರೆದುಕೊಳ್ಳಬೇಕೆಂಬ ಹಂಬಲ. ವಯಸ್ಸಾದ ಮೇಲೆ ಬರುವ ಪಶ್ಚಾತ್ತಾಪಕ್ಕೆ ನಾವು ನಗುವುದಿಲ್ಲ.

ಆದರೆ ಆ ಕಾಲಂ ಏನನ್ನು ಕೇಳುತ್ತಿದೆ ಎಂಬುದನ್ನು ನಾವೆಲ್ಲ ಸರಿಯಾಗಿ ತಿಳಿದಿದ್ದೇವೆಯೇ? ನೀನು ಯಾರ ಮಗ, ಯಾರ ಮೊಮ್ಮಗ, ನಿನ್ನ ಮನೆದೇವರು ಯಾವುದು ಎಂದು ಅದು ಕೇಳುತ್ತಿದೆಯೆಂದು ನಮ್ಮ ಹಿರಿಯರು ಭಾವಿಸುತ್ತಾರೆ. ನಮ್ಮ ಜಗುಲಿಯ ಮೇಲೆ ಅಪರಿಚಿತನನ್ನು ಕೂರಿಸಿ ನಾವು ಕೇಳುವ ಪ್ರಶ್ನೆಯೂ ಅದೇ ತಾನೆ. ಸರ್ಕಾರ ಕೇಳುವುದು ಬೇರೆ. 1918ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಸಮಿತಿಯೊಂದನ್ನು ನೇಮಿಸಿದಂದಿನಿಂದ ಹಾವನೂರು ಆಯೋಗ, ಚಿನ್ನಪ್ಪರೆಡ್ಡಿ ಆಯೋಗಗಳವರೆಗೆ ನಡೆದದ್ದೆಲ್ಲ ಒಂದೇ ವಿಚಾರಣೆ: ಯಾರು ಹಿಂದೆ ಬಿದ್ದಿದ್ದಾರೆ, ಯಾರನ್ನು ಹಿಂದೆ ತಳ್ಳಲಾಗಿದೆ? ಜಾತಿಯ ಕಾಲಂ ಆ ತಳ್ಳಾಟದ ಲೆಕ್ಕ ಬರೆಯುವ ಜಾಗ. ಅದು ಗೋತ್ರ ಹೇಳುವ ಜಾಗವಲ್ಲ.

ಅದು ಆಕಾಶದಿಂದ ಇಳಿದು ಬಂದ ಗೆರೆಯೂ ಅಲ್ಲ. ಇದಕ್ಕೆ ಸಾಕ್ಷಿ ಬೇಕಾದರೆ ನಮ್ಮ ಕೊಳ್ಳೇಗಾಲ ಸೀಮೆಗಿಂತ ಒಳ್ಳೆಯ ಸಾಕ್ಷಿ ಇನ್ನೊಂದಿಲ್ಲ. ನಿಮ್ಮಲ್ಲಿ ಎಂಬತ್ತು ದಾಟಿದವರಿಗೆ ನೆನಪಿದೆ, 1956ರ ನವೆಂಬರ್ ಒಂದರವರೆಗೆ ನಾವು ಮದ್ರಾಸು ರಾಜ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿದವರು. ಆ ಹಳೆಯ ಮದ್ರಾಸಿನ ಗುರುತು ಇಂದಿಗೂ ಅಳಿಸಿಲ್ಲ. ಕರ್ನಾಟಕದ ಪರಿಶಿಷ್ಟ ಪಂಗಡಗಳ ಪಟ್ಟಿಯಲ್ಲಿ ಕಣಿಯನ್ ಎಂಬ ಹೆಸರಿನ ಮುಂದೆ "ಮೈಸೂರು ಜಿಲ್ಲೆಯ ಕೊಳ್ಳೇಗಾಲ ತಾಲ್ಲೂಕಿನಲ್ಲಿ" ಎಂದಿದೆ. ಕಮ್ಮಾರ ಎಂಬ ಹೆಸರಿನ ಮುಂದೆ ದಕ್ಷಿಣ ಕನ್ನಡ ಜಿಲ್ಲೆ ಮತ್ತು ನಮ್ಮದೇ ಕೊಳ್ಳೇಗಾಲ ತಾಲ್ಲೂಕು. ಚಾಮರಾಜನಗರ ಜಿಲ್ಲೆಯಾಗಿ 1997ರಲ್ಲಿ ನಾವು ಮೈಸೂರಿನಿಂದ ಬೇರೆಯಾದೆವು, ಹನೂರೂ ಪ್ರತ್ಯೇಕ ತಾಲ್ಲೂಕಾಯಿತು. ಆದರೆ ಗೆರೆ ಎಳೆದದ್ದು ಹಳೆಯ ನಕ್ಷೆಯ ಮೇಲೆ. ಇಲ್ಲಿ ಕುಲುಮೆ ಊದುವ ಕಮ್ಮಾರನ ಮಗ ಪರಿಶಿಷ್ಟ ಪಂಗಡದವನು. ಕಾವೇರಿ ದಾಟಿ ಮಳವಳ್ಳಿಗೆ ಹೋದರೆ ಅದೇ ಕುಲುಮೆ, ಅದೇ ಸುತ್ತಿಗೆ, ಆದರೆ ಅಲ್ಲಿಯವನು ಅಲ್ಲ. ಹೊಳೆ ದಾಟಿದೊಡನೆ ರಕ್ತ ಬದಲಾಯಿತೇ? ಪಟ್ಟಿ ಬದಲಾಯಿತು, ಅಷ್ಟೆ.

ನಮ್ಮ ಮನೆಯೊಳಗೇ ನೋಡಿ. ಲಿಂಗವಂತರೆಲ್ಲ ಒಂದೇ ಎಂದು ವೇದಿಕೆಯ ಮೇಲೆ ಹೇಳುತ್ತೇವೆ. ಪಟ್ಟಿಯಲ್ಲಿ ಗಾಣಿಗ, ಕುಂಬಾರ, ಮಡಿವಾಳ, ಹಡಪದ ಮೊದಲಾದ ಕಾಯಕದ ಮನೆತನಗಳು 2ಎ ಗುಂಪಿನಲ್ಲಿವೆ, ಉಳಿದವರು 3ಬಿ. 2023ರ ಮಾರ್ಚ್‌ನಲ್ಲಿ 3ಬಿಯನ್ನು 2ಡಿ ಮಾಡಿ ಶೇಕಡ 7 ಕೊಡುವ ತೀರ್ಮಾನ ಬಂದು, ಸುಪ್ರೀಂ ಕೋರ್ಟಿನ ಮುಂದೆ ಹೋಗಿ ನಿಂತಿತು. ನಮ್ಮ ಕಡೆಯ ಶಾಲೆಯ ದಾಖಲಾತಿ ಪುಸ್ತಕ ತೆಗೆದರೆ ಒಂದೇ ಮನೆಯ ಅಣ್ಣನಿಗೆ ಶಿವಾಚಾರ, ತಮ್ಮನಿಗೆ ಲಿಂಗಾಯತ, ತಂಗಿಗೆ ವೀರಶೈವ ಎಂದು ಬರೆದಿರುತ್ತದೆ. ಬರೆದವರು ಆ ವರ್ಷದ ಮೇಷ್ಟರು. 2025ರ ಸೆಪ್ಟೆಂಬರಿನಲ್ಲಿ ಹಿಂದುಳಿದ ವರ್ಗಗಳ ಆಯೋಗದ ಸಮೀಕ್ಷೆ ಶುರುವಾದಾಗ ಧರ್ಮದ ಕಾಲಂನಲ್ಲಿ ಏನು ಬರೆಸಬೇಕೆಂದು ಮಠಗಳಿಂದ ಒಂದೊಂದು ಹೇಳಿಕೆ, ಮಹಾಸಭೆಯಿಂದ ಇನ್ನೊಂದು. ಭಕ್ತರು ದಿಕ್ಕು ತೋಚದೆ ನಮ್ಮನ್ನೂ ಕೇಳಿದರು. ನಾವೇ ದೊಡ್ಡವರು ನಮ್ಮ ಕಾಲಂ ಯಾವುದೆಂದು ಒಮ್ಮತಕ್ಕೆ ಬರಲಾರದವರು ಹದಿನೆಂಟರ ಹುಡುಗನಿಗೆ ಬುದ್ಧಿ ಹೇಳಲು ಕುಳಿತಿದ್ದೇವೆ!

ಇನ್ನು ಕಾನೂನು ಏನನ್ನುತ್ತದೆ? ಹಿರಿಯರು ಒಂದು ಕಚೇರಿಗೆ ಹೋಗಿ ಕೇಳಿಕೊಂಡು ಬಂದಿದ್ದರು. ಅಲ್ಲಿ ಒಂದೇ ಮಾತಿನಲ್ಲಿ, ತಂದೆಯ ಜಾತಿಯೇ ಮಗನ ಜಾತಿ, ಬೇರೆ ಮಾತಿಲ್ಲ ಎಂದು ಹೇಳಿ ಕಳಿಸಿದ್ದರು. ಇದು ಅರ್ಧ ಸತ್ಯ. 2012ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಗುಜರಾತಿನ ರಮೇಶಭಾಯಿ ದಾಭಾಯಿ ನಾಯ್ಕ ಎಂಬವರ ಮೊಕದ್ದಮೆಯಲ್ಲಿ ತೀರ್ಪು ಕೊಟ್ಟಿತು. ಅವರ ತಂದೆ ಮುಂದುವರಿದ ಜಾತಿಯವರು, ತಾಯಿ ಬುಡಕಟ್ಟಿನವರು. ಮಗು ತಂದೆಯ ಜಾತಿಯದೆಂದು ಮೊದಲು ಊಹಿಸಬಹುದು, ತಂದೆ ಮೇಲ್ಜಾತಿಯವನಾದರೆ ಆ ಊಹೆ ಇನ್ನೂ ಬಲವಾಗಿರಬಹುದು, ಆದರೆ ಅದು ಊಹೆ ಮಾತ್ರ, ಅಲ್ಲಗಳೆಯಲಾಗದ ಸತ್ಯವಲ್ಲ ಎಂದು ನ್ಯಾಯಾಲಯ ಹೇಳಿತು. ತನ್ನನ್ನು ಸಾಕಿದವಳು ಪರಿಶಿಷ್ಟ ಸಮುದಾಯದ ತಾಯಿ; ಮೇಲ್ಜಾತಿಯ ತಂದೆಯ ಮಗನೆಂಬ ಕಾರಣಕ್ಕೆ ತನಗೆ ಬದುಕಿನಲ್ಲಿ ಯಾವ ಅನುಕೂಲವೂ ದೊರೆಯಲಿಲ್ಲ; ತಾಯಿಯ ಜನ ಉಂಡ ಕಷ್ಟ, ಅವಮಾನಗಳನ್ನೇ ತಾನೂ ಉಂಡೆ; ಆ ಜನವೂ ಹೊರಗಿನವರೂ ತನ್ನನ್ನು ಅವರಲ್ಲಿ ಒಬ್ಬನೆಂದೇ ನಡೆಸಿಕೊಂಡರು; ಇಷ್ಟನ್ನು ಮಗ ಸಾಕ್ಷಿ ಸಹಿತ ತೋರಿಸಿದರೆ ತಾಯಿಯ ಕಡೆಯ ಪತ್ರ ಕೇಳಲು ಅವನಿಗೆ ದಾರಿಯುಂಟು.

ಇಲ್ಲಿ ನಮ್ಮ ಹಿರಿಯರು ಗಮನಿಸಬೇಕಾದ ಸಂಗತಿಯೊಂದಿದೆ. ನ್ಯಾಯಾಲಯ ರಕ್ತ ಯಾವ ಕಡೆಯದೆಂದು ಕೇಳಲಿಲ್ಲ. ಯಾರ ಒಲೆಯ ಮುಂದೆ ಬೆಳೆದೆ, ಊರು ನಿನ್ನನ್ನು ಯಾವ ಪಂಕ್ತಿಯಲ್ಲಿ ಕೂರಿಸಿತು ಎಂದು ಕೇಳಿತು. ಮದುವೆಯಿಂದ ಬಂದ ಜಾತಿಯ ಬಗ್ಗೆಯೂ ಅದರ ಮಾತು ಇದೇ ಜಾಡಿನದು. ಕೇರಳದ ವಲ್ಸಮ್ಮ ಪಾಲ್ ಅವರ ಮೊಕದ್ದಮೆಯಲ್ಲಿ, 1996ರಲ್ಲಿ, ಮುಂದುವರಿದ ಸಮುದಾಯದಲ್ಲಿ ಹುಟ್ಟಿ ಬೆಳೆದ ಹೆಣ್ಣು ಹಿಂದುಳಿದ ಸಮುದಾಯದ ಗಂಡನನ್ನು ಮದುವೆಯಾದ ಮಾತ್ರಕ್ಕೆ ಮೀಸಲಿನ ಹುದ್ದೆಗೆ ಅರ್ಹಳಾಗುವುದಿಲ್ಲವೆಂದಿತು. ಬಾಲ್ಯದಲ್ಲಿ ಪಡದ ಕಷ್ಟವನ್ನು ತಾಳಿಯ ಜೊತೆ ಕಟ್ಟಿಸಿಕೊಳ್ಳಲಾಗದು ಎಂದು ನಾವು ಇದನ್ನು ಅರ್ಥ ಮಾಡಿಕೊಂಡಿದ್ದೇವೆ.

ಹಾಗಾದರೆ ಅನುಕೂಲ ಕಂಡ ಕಡೆ ವಾಲಬಹುದೇ? ಪೋಡಿನ ಹಿರಿಯರೊಬ್ಬರು ನಮ್ಮ ಬಳಿ ಆಡಿದ ಮಾತು ಈ ಸಂದರ್ಭದಲ್ಲಿ ಮರೆಯುವಂತಿಲ್ಲ. ಅವರ ದೂರು ನ್ಯಾಯವಾದದ್ದು. ಪೇಟೆಯಲ್ಲಿ ಅಪ್ಪನ ಮನೆಯಲ್ಲಿ ಬೆಳೆದು, ಕಾನ್ವೆಂಟಿನಲ್ಲಿ ಓದಿ, ಪೋಡಿನ ಕಡೆ ಒಂದು ಹಬ್ಬಕ್ಕೂ ತಲೆ ಹಾಕದವನು ಅರ್ಜಿ ತುಂಬುವ ದಿನ ಮಾತ್ರ ತಾಯಿಯ ಕುಲವನ್ನು ನೆನೆದರೆ, ನಿಜವಾಗಿ ಕಾಡಿನ ದಾರಿಯಲ್ಲಿ ನಡೆದು ಶಾಲೆಗೆ ಹೋದ ಮಗುವಿನ ಸೀಟು ಹೋಗುತ್ತದೆ. ಹೀಗೆ ಪಡೆದದ್ದು ಕಳವು. ನಮ್ಮ ಸಮಾಜವೂ ಈ ವಿಚಾರದಲ್ಲಿ ತಲೆ ತಗ್ಗಿಸಬೇಕಾಗಿದೆ. ಬೇಡ ಜಂಗಮ ಎಂಬ ಪರಿಶಿಷ್ಟ ಜಾತಿಯ ಹೆಸರನ್ನು, ಹೆಸರಿನ ಹೋಲಿಕೆಯೊಂದನ್ನೇ ಹಿಡಿದು, ಪೂಜೆ ಪೌರೋಹಿತ್ಯ ಮಾಡುವ ಮನೆತನಗಳವರು ಬರೆಸಿಕೊಂಡ ದೂರುಗಳು ನ್ಯಾಯಾಲಯದ ಮೆಟ್ಟಿಲು ಹತ್ತಿವೆ. ಪಾದಪೂಜೆ ಮಾಡಿಸಿಕೊಳ್ಳುವವರು ಅಸ್ಪೃಶ್ಯತೆಯ ನೋವಿಗಿರುವ ಪಾಲನ್ನು ಕೇಳುವುದು ಯಾವ ಧರ್ಮ? ಮಠದ ಅಂಕಣದಲ್ಲಿ ಇದನ್ನು ಬರೆದರೆ ಕೆಲವರಿಗೆ ಬೇಸರವಾದೀತು. ಆಗಲಿ.

ಸುಳ್ಳು ಪತ್ರದ ಫಲವನ್ನೂ ಹೇಳಿಬಿಡುತ್ತೇವೆ. 1994ರ ಮಾಧುರಿ ಪಾಟೀಲ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಜಾತಿ ಪತ್ರಗಳ ಪರಿಶೀಲನೆಗೆ ಸಮಿತಿಗಳಿರಬೇಕೆಂದಿತು. 2017ರಲ್ಲಿ ಇನ್ನೊಂದು ತೀರ್ಪು, ಪತ್ರ ಸುಳ್ಳೆಂದು ತೀರ್ಮಾನವಾದರೆ ಎಷ್ಟು ವರ್ಷ ಸೇವೆ ಮಾಡಿದ್ದರೂ ಅದರಿಂದ ಪಡೆದ ಹುದ್ದೆ ನಿಲ್ಲದು ಎಂದಿತು. ನಮ್ಮ ರಾಜ್ಯದ 1990ರ ಕಾಯಿದೆಯ ಪ್ರಕಾರ ಪತ್ರ ಕೊಡುವವರು ತಹಶೀಲ್ದಾರರು, ಅವರು ನಿರಾಕರಿಸಿದರೆ ಅಸಿಸ್ಟೆಂಟ್ ಕಮಿಷನರ್ ಅವರಿಗೆ ಮೇಲ್ಮನವಿ, ಮುಂದೆ ಸಿಂಧುತ್ವಕ್ಕೆ ಜಿಲ್ಲೆಯ ಪರಿಶೀಲನಾ ಸಮಿತಿ. ಕಚೇರಿಯ ಕಿಟಕಿಯಲ್ಲಿ ಒಬ್ಬರು ಆಗದೆಂದರೆ ಅಲ್ಲಿಗೇ ಮುಗಿಯಿತೆಂದು ತಿಳಿದು ಎಷ್ಟೋ ಬಡಮಕ್ಕಳು ವಾಪಸಾಗುತ್ತಾರೆ. ಆಗದೆಂಬುದನ್ನು ಬರಹದಲ್ಲಿ ಕೊಡಿ ಎಂದು ಕೇಳಿ. ಮೇಲ್ಮನವಿಗೆ ಅದು ಬೇಕು, ದಿನಗಳ ಗಡುವೂ ಇದೆ.

ಎರಡು ಮೂಲದ ಮಕ್ಕಳ ಈ ಇಕ್ಕಟ್ಟು ನಮ್ಮಲ್ಲಿ ಮಾತ್ರ ಇರುವುದೇನಲ್ಲ. ಅಮೆರಿಕಕ್ಕೆ ಹೋಗಿ ನೆಲೆಸಿ ಅಲ್ಲಿಯವರನ್ನೇ ಮದುವೆಯಾದ ನಮ್ಮ ಕಡೆಯ ಮನೆಗಳೂ ಇವೆ. ಅಲ್ಲಿಯ ಕಾಲೇಜಿನ ಅರ್ಜಿ ಜನಾಂಗ ಯಾವುದೆಂದು ಕೇಳುತ್ತದೆ. ಆ ದೇಶದಲ್ಲಿ ಬಿಳಿಯರು ಕರಿಯರು ಮದುವೆಯಾಗುವುದನ್ನು ಕೆಲವು ರಾಜ್ಯಗಳು ಅಪರಾಧವೆಂದೇ ಇಟ್ಟಿದ್ದವು. 1967ರಲ್ಲಿ ಅಲ್ಲಿಯ ಸುಪ್ರೀಂ ಕೋರ್ಟು ಆ ಕಾನೂನುಗಳನ್ನು ರದ್ದು ಮಾಡಿತು. ಅಂಥ ಮನೆಗಳ ಮಕ್ಕಳು ಒಂದಕ್ಕಿಂತ ಹೆಚ್ಚು ಜನಾಂಗಕ್ಕೆ ಗುರುತು ಹಾಕಲು ಜನಗಣತಿಯಲ್ಲಿ ಅವಕಾಶ ಸಿಕ್ಕಿದ್ದು 2000ದಲ್ಲಿ. 2023ರ ಜೂನಿನಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಮೊಕದ್ದಮೆಯಲ್ಲಿ, ಪ್ರವೇಶ ಕೊಡುವಾಗ ಜನಾಂಗವನ್ನೇ ಒಂದು ಅರ್ಹತೆಯಾಗಿ ಎಣಿಸಬಾರದೆಂದು ತೀರ್ಪಾಯಿತು. ಜನಾಂಗದ ಕಾರಣಕ್ಕೆ ತಾನು ಪಟ್ಟ ಪಾಡನ್ನು ವಿದ್ಯಾರ್ಥಿ ತನ್ನ ಮಾತಿನಲ್ಲಿ ಬರೆದರೆ ಅದನ್ನು ಓದಬಹುದು ಎಂದೂ ಸೇರಿಸಿದರು. ನಮ್ಮ ಹುಡುಗ ಕೇಳಿದ ಎರಡರ ಜಾಗ ಅಲ್ಲಿ ಸಿಕ್ಕಿತು, ಆದರೆ ಅದರಿಂದ ಸಿಗುತ್ತಿದ್ದ ಬಲ ಹೋಯಿತು. ನಮ್ಮಲ್ಲಿ ಜಾಗ ಒಂದೇ, ಬಲ ಉಳಿದಿದೆ. ಯಾವುದು ಮೇಲೆಂದು ಕೇಳಿದರೆ ಬಡವನ ಮಗನಿಗೆ ಬಲವೇ ಬೇಕು ಎಂದು ನಾವು ಹೇಳುತ್ತೇವೆ.

ಕಾಲಂ ಅನ್ನೇ ಖಾಲಿ ಬಿಟ್ಟರಾಗದೇ ಎಂದು ನಮ್ಮ ಯುವಕರು ಕೇಳುತ್ತಾರೆ. 2019ರಲ್ಲಿ ತಮಿಳುನಾಡಿನ ತಿರುಪತ್ತೂರಿನ ಒಬ್ಬ ವಕೀಲೆ ತನಗೆ ಜಾತಿ ಮತ ಎರಡೂ ಇಲ್ಲವೆಂಬ ಪತ್ರವನ್ನೇ ಸರ್ಕಾರದಿಂದ ಪಡೆದುಕೊಂಡರು. ದೊಡ್ಡ ಧೈರ್ಯ. ಬಯಸಿದವರು ಹಾಗೆ ಮಾಡಲಿ. ಆದರೆ ಆ ಧೈರ್ಯವನ್ನು ನಾವು ಮೊದಲು ಕೇಳಬೇಕಾದದ್ದು ಮದುವೆಯ ಮಾತುಕತೆಗೆ ಕೂತ ನಮ್ಮ ಹಿರಿಯರಿಂದ. ಪೋಡಿನಿಂದ ಬಂದ, ಕೈಯಲ್ಲಿ ಬೇರೇನೂ ಇಲ್ಲದ ಹುಡುಗನಿಂದ ಮೊದಲು ಕೇಳುವುದು ನ್ಯಾಯವಲ್ಲ. ಮನೆಯಲ್ಲಿ ಜಾತಿಯನ್ನು ಭದ್ರವಾಗಿಟ್ಟುಕೊಂಡು ಅರ್ಜಿಯಲ್ಲಿ ಅದು ಬೇಡವೆನ್ನುವುದು ಸುಲಭ.

ಕಲ್ಯಾಣದಲ್ಲಿ ಹನ್ನೆರಡನೇ ಶತಮಾನದಲ್ಲಿ ಆದದ್ದೇನು? ಸಮಗಾರ ಹರಳಯ್ಯನವರ ಮಗ ಶೀಲವಂತನಿಗೂ ಬ್ರಾಹ್ಮಣ ಮೂಲದ ಮಧುವರಸರ ಮಗಳು ಲಾವಣ್ಯಳಿಗೂ ಮದುವೆಯಾಯಿತು. ಬಿಜ್ಜಳ ಇಬ್ಬರು ತಂದೆಯರನ್ನೂ ಆನೆಯ ಕಾಲಿಗೆ ಕಟ್ಟಿಸಿ ಎಳೆಸಿದನೆಂದು ನಾವು ಪ್ರತಿ ವರ್ಷ ಬಸವ ಜಯಂತಿಯಲ್ಲಿ ಹೇಳುತ್ತೇವೆ, ಕಣ್ಣೊರೆಸಿಕೊಳ್ಳುತ್ತೇವೆ. ಆ ದಂಪತಿಗೆ ಮಗುವಾಗಿದ್ದರೆ ಅದನ್ನು ಇವನು ಯಾರವನೆಂದು ಶರಣರು ಕೇಳುತ್ತಿರಲಿಲ್ಲ. ನೀವೆಲ್ಲ ಬಾಯಿಪಾಠ ಒಪ್ಪಿಸುವ ಆ ವಚನವನ್ನು ನಾವಿಲ್ಲಿ ಮತ್ತೆ ಬರೆಯುವುದಿಲ್ಲ. ಅದು ನಮ್ಮ ಗೋಡೆಗಳ ಮೇಲೆ ಬಣ್ಣದಲ್ಲಿದೆ. ಅದರ ಕೆಳಗೆ ಕೂತೇ ನಾವು ಈ ಹುಡುಗನ ತಾಯಿಯನ್ನು ಹೊರಗೆ ನಿಲ್ಲಿಸಿದ್ದು.

ಅಷ್ಟು ದೂರದ ಕಲ್ಯಾಣವೇಕೆ? ಯಳಂದೂರಿನ ಬಿಳಿಗಿರಿ ರಂಗನನ್ನು ಅಲ್ಲಿಯ ಸೋಲಿಗರು ಭಾವ ಎಂದು ಕರೆಯುತ್ತಾರೆ. ತಮ್ಮ ಹೆಣ್ಣು ಕುಸುಮಾಲೆಯನ್ನು ಅವನು ಮದುವೆಯಾದನೆಂಬುದು ಅವರ ಕಥೆ. ನಮ್ಮ ಮಾದಪ್ಪನ ಹಾಡು ಹೇಳುವ ಕಂಸಾಳೆಯವರು ಸೋಲಿಗರ ಸಂಕಮ್ಮನ ಕಥೆ ಹಾಡುವಾಗ ರಾತ್ರಿಯಿಡೀ ಕೂತು ಕೇಳುತ್ತೇವೆ. ಅವಳ ಮಕ್ಕಳು ಕಾರಯ್ಯ, ಬಿಲ್ಲಯ್ಯ ಮಾದಪ್ಪನ ವರದಿಂದ ಹುಟ್ಟಿದವರು. ದೇವರ ಮನೆಯಲ್ಲಿ ಬೆರೆತದ್ದನ್ನು ಹಾಡುತ್ತೇವೆ, ನಮ್ಮ ಮನೆಯಲ್ಲಿ ಬೆರೆತರೆ ಬಾಗಿಲು ಹಾಕುತ್ತೇವೆ.

ಹಿರಿಯರಿಗೆ ಇದನ್ನೆಲ್ಲ ಅಂದು ನಾವು ಇಷ್ಟು ಉದ್ದಕ್ಕೆ ಹೇಳಲಿಲ್ಲ. ಎರಡು ಮಾತು ಹೇಳಿದೆವು. ಮೊದಲನೆಯದು, ಹುಡುಗ ಸೋಲಿಗ ಎಂದು ಬರೆಸಿದರೆ ನಿಮ್ಮ ಮೊಮ್ಮಗನಲ್ಲ ಎಂದಾಗುವುದಿಲ್ಲ. ತಂದೆಯ ಹೆಸರಿನ ಕಾಲಂನಲ್ಲಿ ನಿಮ್ಮ ಮಗನ ಹೆಸರೇ ಇರುತ್ತದೆ. ಮಗ ತೀರಿಕೊಂಡಿದ್ದರೆ, ನೀವು ಉಯಿಲು ಬರೆಯದೆ ಹೋದರೂ, ಅವನ ಮಗನಿಗೆ ನಿಮ್ಮ ಸ್ವತ್ತಿನಲ್ಲಿ ಪಾಲುಂಟೆಂದು 1956ರ ಹಿಂದೂ ಉತ್ತರಾಧಿಕಾರ ಕಾಯಿದೆ ಹೇಳುತ್ತದೆ. ಆ ಪಾಲು ಜಾತಿಯ ಕಾಲಂ ನೋಡಿ ಬರುವುದಲ್ಲ. ಲಿಂಗ ಕಟ್ಟಿಸಿಕೊಳ್ಳಬೇಕೆಂದು ಅವನಿಗೆ ಅನಿಸಿದ ದಿನ ಬರಲಿ, ನಾವಿದ್ದೇವೆ. ಅದಕ್ಕೆ ತಹಶೀಲ್ದಾರರ ಪತ್ರ ಬೇಡ. ಸಾಕಿದ ಜನದ ಹೆಸರನ್ನು ಅವನು ಬರೆಸಿಕೊಂಡರೆ ಅದು ಸುಳ್ಳಲ್ಲ, ನಡೆದದ್ದೇ ಅದು. 3ಬಿ ಎಂದು ಬರೆಸಿದರೆ, ನಿಮ್ಮ ಮನೆಯ ನೆರಳಿನಲ್ಲಿ ಬೆಳೆದ ಮಗುವಿದು ಎಂದು ಸರ್ಕಾರಕ್ಕೆ ಹೇಳಿದಂತಾಗುತ್ತದೆ. ಹಾಗೆ ಹೇಳಲು ನಿಮಗೆ ಮನಸ್ಸು ಒಪ್ಪುತ್ತದೆಯೇ ಎಂದು ಕೇಳಿದೆವು.

ಅವರು ಬಹಳ ಹೊತ್ತು ಮಾತಾಡಲಿಲ್ಲ. ಹುಡುಗ ಚೀಲದೊಳಗಿನ ಕಾಗದಗಳನ್ನು ಸುಮ್ಮನೆ ಸರಿಮಾಡುತ್ತ ಕೂತಿದ್ದ.

ಎರಡನೆಯ ಮಾತು ಸಾಕ್ಷಿಯದು. ಒಂದನೇ ತರಗತಿಯ ದಾಖಲಾತಿಯಲ್ಲಿ ತಾಯಿ ಹೇಳಿದಂತೆ ಸೋಲಿಗ ಎಂದು ಮೇಷ್ಟರು ಬರೆದಿದ್ದಾರೆ, ಅದೊಂದು ಕಾಗದ. ಪೋಡಿನ ಯಜಮಾನರು ಹೇಳಿಕೆ ಕೊಡುತ್ತಾರೆ, ಅದು ಎರಡನೆಯದು. ಆದರೆ ತಂದೆಯ ಕಡೆಯಿಂದ ಈ ಮಗುವಿಗೆ ಯಾವ ಆಸರೆಯೂ ಸಿಗಲಿಲ್ಲ, ಹಬ್ಬಕ್ಕೆ ಕರೆಯಲಿಲ್ಲ, ಒಂದು ಜೊತೆ ಬಟ್ಟೆ ಕೊಡಿಸಲಿಲ್ಲ, ಅಪ್ಪನ ಮನೆಯ ನೀರು ಅವನು ಕುಡಿಯಲಿಲ್ಲ ಎಂಬುದನ್ನು ಸಾಬೀತು ಮಾಡುವವರು ಯಾರು? ಪೋಡಿನವರು ಹೇಳಿದರೆ ತಮ್ಮ ಮಗುವಿನ ಪರ ಹೇಳುತ್ತಾರೆಂದು ಕಚೇರಿಯವರು ಅನ್ನಬಹುದು. ನಂಬಲೇಬೇಕಾದ ಸಾಕ್ಷಿ ಒಬ್ಬರೇ. ಬಾಗಿಲು ಹಾಕಿದವರು.

ಹಿರಿಯರಿಗೆ ಅರ್ಥವಾಯಿತು. ಮುಖ ಕೆಂಪಾಯಿತು. ಮಠದಲ್ಲಿ ಹತ್ತು ಜನರ ನಡುವೆ ಕೂರುವ ಮನುಷ್ಯ. ಛಾಪಾ ಕಾಗದದ ಮೇಲೆ ತನ್ನ ತಪ್ಪನ್ನು ತಾನೇ ಬರೆಸಿ ರುಜು ಹಾಕಿಕೊಡಬೇಕು, ಅದನ್ನು ಕಂದಾಯ ಇಲಾಖೆಯವರು ಓದಬೇಕು, ನಾಳೆ ಸಮಿತಿಯ ಮುಂದೆ ಕರೆದು ಕೇಳಿದರೆ ಹೌದೆನ್ನಬೇಕು. ನಾವು ಒತ್ತಾಯ ಮಾಡಲಿಲ್ಲ. ಯೋಚಿಸಿ ಬನ್ನಿ ಎಂದೆವು. ತಾಯಿಯನ್ನು ಒಳಗೆ ಕರೆದು ದಾಸೋಹದಲ್ಲಿ ಕೂರಿಸಿದೆವು. ಹುಡುಗ ಅವಳ ಪಕ್ಕ ಕೂತ, ತಾತ ಎದುರು ಸಾಲಿನಲ್ಲಿ ಕೂತರು. ಅಷ್ಟು ವರ್ಷಗಳಲ್ಲಿ ಮೂವರೂ ಒಂದೇ ಸೂರಿನಡಿ ಉಂಡದ್ದು ಅದೇ ಮೊದಲೆಂದು ಆಮೇಲೆ ತಿಳಿಯಿತು.

ಮೂರನೆಯ ದಿನ ಬೆಳಿಗ್ಗೆ ಹಿರಿಯರು ಒಬ್ಬರೇ ಬಂದರು. ಬರವಣಿಗೆಯವನ ಹತ್ತಿರ ಹೋಗಿದ್ದರಂತೆ. ಹೆಸರು, ಊರು, ಸರ್ವೆ ನಂಬರು, ಮಗನ ಮದುವೆಯ ವರ್ಷ, ಅವನು ತೀರಿಕೊಂಡ ವರ್ಷ, ಸೊಸೆಯನ್ನೂ ಮಗುವನ್ನೂ ಮನೆಗೆ ಸೇರಿಸಲಿಲ್ಲವೆಂಬುದು, ಎಲ್ಲ ಬರೆಸಿದ್ದಾರೆ. ರುಜು ಒಂದು ಉಳಿದಿತ್ತು. ಕಾಗದವನ್ನು ನಮ್ಮ ಮುಂದೆ ಬಿಚ್ಚಿ, ನಡುವೆ ಬಿಟ್ಟಿದ್ದ ಒಂದು ಖಾಲಿ ಸಾಲನ್ನು ಬೆರಳಿನಿಂದ ತೋರಿಸಿದರು.

"ಯಾಕ್ ಸೇರಿಸ್ಲಿಲ್ಲ ಅಂತ ಕಾರಣ ಬರೀಬೇಕಂತೆ ಬುದ್ದಿ. ಏನಂತ ಬರೆಸ್ಲಿ?"